ಬೀಜಕ್ಕಿಂತ ಮೊದಲು ನೀರು ಹಾಕುವವರನ್ನು ಹುಡುಕಿ

ನಮ್ಮ ಸೊಸೈಟಿ ಇರುವುದು ಪುಣೆಯ ಸಿಂಹಗಡ ರಸ್ತೆಯಲ್ಲಿ. ನಾಲ್ಕು ವಿಂಗ್. ಹಿಂದುಗಡೆ ಕಾಂಪೌಂಡ್ ಗೋಡೆಗೆ ಅಂಟಿಕೊಂಡು ಒಂದು ಉದ್ದನೆಯ ಖಾಲಿ ಜಾಗ. ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ ಅಲ್ಲಿ ತರಕಾರಿ ತೋಟ ಶುರುಮಾಡಿದೆವು. 32 ಮನೆಯವರು ಹೆಸರು ಕೊಟ್ಟರು. 14 ಮಡಿ ಮಾಡಿದೆವು. ಸೊಸೈಟಿಯಲ್ಲಿರುವ ಕನ್ನಡದವರೆಲ್ಲ ಸೇರಿ 'ಕೈ ಕೆಸರಾದರೆ ಬಾಯಿ ಮೊಸರು' ಅಂತ ಬ್ಯಾನರ್ ಬೇರೆ ಬರೆಸಿದೆವು. ಮರಾಠಿ ನೆರೆಯವರಿಗೆ ಅದರ ಅರ್ಥ ಹೇಳಿ ಹೇಳಿ ಸಾಕಾಯಿತು.

ದಸರೆ ಹೊತ್ತಿಗೆ ಉಳಿದದ್ದು ಬ್ಯಾನರ್ ಮಾತ್ರ. ಅದರ ಕೆಳಗೆ ಸೊಂಟದೆತ್ತರ ಕಾಂಗ್ರೆಸ್ ಗಿಡ, ಒಂದು ಮುರಿದ ನೀರಿನ ಕ್ಯಾನು, ಮುಳ್ಳುಗಳ ನಡುವೆ ಹಣ್ಣಾಗಿ ಹಳದಿ ತಿರುಗಿದ ಎರಡು ಬದನೆಕಾಯಿ. ಎರಡು ವರ್ಷ ಅದು ಹಾಗೇ ಬಿದ್ದಿತ್ತು. ಆಮೇಲೆ ಅದನ್ನು ಮತ್ತೆ ಎಬ್ಬಿಸಿದೆವು, ಈಗ ನಡೆಯುತ್ತಿದೆ. ಎರಡು ಸಲದ ನಡುವೆ ಏನು ಬದಲಾಯಿತು ಅಂತ ಊರಿನ ಕಡೆಯ ಗೆಳೆಯರು, ಮುಂಬೈ ಹತ್ತಿರದ ಡೊಂಬಿವಲಿಯ ನೆಂಟರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ತೋಟ ಸತ್ತದ್ದು ಗೊಬ್ಬರ ಕಡಿಮೆಯಾಗಿ ಅಲ್ಲ, ಹುಳ ಬಿದ್ದೂ ಅಲ್ಲ. ಆರಂಭಶೂರತ್ವದಿಂದ. ಬೇವಿನ ಎಣ್ಣೆ ಎಷ್ಟು ಹಾಕಬೇಕು ಅಂತ ಎಲ್ಲರೂ ಕೇಳಿದರು. ಬುಧವಾರ ನೀರು ಯಾರು ಹಾಕುತ್ತಾರೆ ಅಂತ ಯಾರೂ ಕೇಳಲಿಲ್ಲ.

ಮೊದಲು ಜನ ಎಣಿಸಿ

'ಆಸಕ್ತಿ ಇದೆಯಾ?' ಅಂತ ಕೇಳಬೇಡಿ. ಆಸಕ್ತಿ ಎಲ್ಲರಿಗೂ ಇರುತ್ತದೆ. 'ವಾರದಲ್ಲಿ ಯಾವ ಎರಡು ದಿನ ಬೆಳಿಗ್ಗೆ ಆರೂವರೆಗೆ ಬರುತ್ತೀರಿ?' ಅಂತ ಕೇಳಿ. ಎರಡನೇ ಸಲ ನಾವು ಹೀಗೆ ಕೇಳಿದಾಗ 32 ಇದ್ದ ಹೆಸರು 19ಕ್ಕೆ ಇಳಿಯಿತು.

ಆ 19ರಲ್ಲೂ ಗಟ್ಟಿ ಯಾರು ಅಂತ ತಿಳಿಯಲು ಒಂದು ಉಪಾಯವಿದೆ. ಬೀಜದ ಮಾತೇ ಎತ್ತಬೇಡಿ. ಮೊದಲ ಮೂರು ರವಿವಾರ ಬರೀ ಕಳೆ ಕೀಳುವ ಕೆಲಸ ಇಡಿ. ನಮ್ಮಲ್ಲಿ ಮೊದಲ ರವಿವಾರ 16 ಮನೆಯವರು ಬಂದರು, ಮೂರನೆಯದಕ್ಕೆ 8. ಹೆಚ್ಚುಕಡಿಮೆ ಆ ಎಂಟು ಮನೆಗಳೇ ಇವತ್ತಿಗೂ ತೋಟ ನಡೆಸುತ್ತಿರುವುದು. ಬರದೇ ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹಿಂಜವಡಿಯ ಐಟಿ ಕಂಪನಿಗಳಿಗೆ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ತಾಸು ಕಳೆಯುವವರಿಗೆ ತೋಟ ಎಲ್ಲಿಂದ ಆಗಬೇಕು?

ಲೆಕ್ಕ ಹೀಗೆ. 4 ಅಡಿ ಅಗಲ, 10 ಅಡಿ ಉದ್ದದ ಒಂದು ಮಡಿಗೆ ದಿನಕ್ಕೆ 15-20 ನಿಮಿಷ, ವಾರಕ್ಕೊಮ್ಮೆ ಇನ್ನೊಂದು ತಾಸು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಇದು ದಿನಾ ಬೇಕು. ರವಿವಾರ ಬಂದು ಮೂರು ತಾಸು ಬೆವರು ಸುರಿಸಿದರೆ ಗುರುವಾರ ಒಣಗಿದ ಮೆಂತ್ಯ ಏಳುವುದಿಲ್ಲ. ಹಾಗಾಗಿ ಒಂದು ಮಡಿಗೆ ಒಂದು ಮನೆ ಬೇಡ, ಎರಡು ಮನೆ ಜೋಡಿ ಮಾಡಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇರುತ್ತಾರೆ. ಎಂಟು ಮನೆಗೆ ನಾಲ್ಕೇ ಮಡಿ. ಉಳಿದ ಹತ್ತು ಮಡಿಯ ಜಾಗ ಖಾಲಿ ಬಿಟ್ಟಾಗ ಹೊಟ್ಟೆ ಉರಿಯಿತು, ನಿಜ. ಅದರ ಮೇಲೆ ದಪ್ಪಗೆ ಒಣ ಎಲೆ ಹಾಸಿ ಸುಮ್ನೆ ಬಿಟ್ಟೆವು.

ಕಾಗದದ ಮೇಲೆ ಒಪ್ಪಿಗೆ

ಇದು ಬೇಸರದ ಕೆಲಸ, ಬೇಗ ಮುಗಿಸಿ. ಜಾಗ ಎಲ್ಲರದು. ಆದ್ದರಿಂದ ಸೊಸೈಟಿಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳು ವಾರ್ಷಿಕ ಸಭೆಯನ್ನು ಸೆಪ್ಟೆಂಬರ್ 30ರ ಒಳಗೆ ನಡೆಸಬೇಕು. ಅಲ್ಲಿ ಒಪ್ಪಿಗೆ ಸಿಕ್ಕರೆ ಚಳಿಗಾಲದ ಬಿತ್ತನೆಗೆ ಸರಿಯಾಗಿ ಹೊಂದುತ್ತದೆ. ನೀರಿನ ನಲ್ಲಿ ಯಾವುದು, ಬಿಲ್ ಯಾರದು, ಬೀಗದ ಕೀಲಿ ಯಾರ ಹತ್ತಿರ ಅನ್ನುವುದೂ ಅದರಲ್ಲೇ ಇರಲಿ.

ನಮ್ಮ ಸಭೆಯಲ್ಲಿ ಸೆಕ್ರೆಟರಿ ಸಾಹೇಬರು ಮರಾಠಿಯಲ್ಲಿ, 'ಎಲ್ಲರೂ ತಮ್ಮ ತಮ್ಮ ಕುಂಡಿ ತೆಗೆದುಕೊಂಡು ಕೆಳಗೆ ಬನ್ನಿ' ಅಂದರು. ಮರಾಠಿಯಲ್ಲಿ ಹೂವಿನ ಕುಂಡಕ್ಕೆ ಹಾಗೆ ಅನ್ನುತ್ತಾರೆ. ಕನ್ನಡದವರು ಕೂತ ಸಾಲು ಪೂರ್ತಿ ನೆಲ ನೋಡುತ್ತಿತ್ತು.

ಬಿಸಿಲು ನೋಡಿ, ಅದೂ ಡಿಸೆಂಬರ್ ಬಿಸಿಲು

ಮೊದಲ ಸಲ ನಾವು ಎಡವಿದ್ದು ಇಲ್ಲಿ. ಮೇ ತಿಂಗಳಲ್ಲಿ ಸೂರ್ಯ ಪುಣೆಯ ನೆತ್ತಿಯ ಮೇಲೇ ಇರುತ್ತಾನೆ. ಮೇ ಮಧ್ಯದಲ್ಲಿ ಒಂದು ದಿನ ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ನಮ್ಮ ಜಾಗ ಆಗ ಧಗಧಗ ಬಿಸಿಲಲ್ಲಿತ್ತು. 'ಇದಕ್ಕಿಂತ ಬೇಕಾ?' ಅಂದುಕೊಂಡೆವು. ಆದರೆ ಅದು ಸಿ ವಿಂಗಿನ ಉತ್ತರಕ್ಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರ್ ನಡುಹಗಲಲ್ಲೂ ಇಲ್ಲಿ ಕಟ್ಟಡದ ನೆರಳು ಹೆಚ್ಚುಕಡಿಮೆ ಅದರ ಎತ್ತರದಷ್ಟೇ ಉದ್ದ ಉತ್ತರಕ್ಕೆ ಬೀಳುತ್ತದೆ. ಏಳು ಮಹಡಿ ಕಟ್ಟಡ ಅಂದರೆ 70 ಅಡಿ ಹತ್ತಿರ. ಚಳಿಗಾಲಕ್ಕೆ ಅರ್ಧ ತೋಟ ನೆರಳಿನಲ್ಲಿ ಹೋಗುತ್ತದೆ. ಅಂಥ ನೆರಳಿನಲ್ಲಿ ಟೊಮೇಟೊ ಗಿಡ ಉದ್ದುದ್ದ ಬೆಳೆಯುತ್ತದೆ, ಹೂ ಸರಿಯಾಗಿ ಬಿಡುವುದಿಲ್ಲ.

ಹಾಗಾಗಿ ಕಟ್ಟಡದ ಎತ್ತರ ಕೇಳಿಕೊಂಡು, ಅದರ ಬುಡದಿಂದ ಉತ್ತರಕ್ಕೆ ಅಷ್ಟು ಅಡಿ ಅಳೆಯಿರಿ. ಅದರಾಚೆಗೆ ಟೊಮೇಟೊ, ಬದನೆ, ಮೆಣಸಿನಕಾಯಿ, ಬೆಂಡೆ. ಇವಕ್ಕೆ ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಮೂರು-ನಾಲ್ಕು ತಾಸು ಸಿಗುವ ಕಡೆ ಪಾಲಕ್, ಕೊತ್ತಂಬರಿ, ಮೆಂತ್ಯ, ಬಸಳೆ ಬರುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಗೊಬ್ಬರದ ಗುಂಡಿ ಮಾಡಿ.

ಕಳೆ

ಕಾಂಗ್ರೆಸ್ ಗಿಡಕ್ಕೂ ಪುಣೆಗೂ ಹಳೆಯ ನಂಟು. ಭಾರತದಲ್ಲಿ ಈ ಪಾರ್ಥೇನಿಯಂ ಹಬ್ಬುತ್ತಿರುವುದನ್ನು 1950ರ ದಶಕದಲ್ಲಿ ಮೊದಲು ಗುರುತಿಸಿದ್ದು ಇದೇ ಊರಿನಲ್ಲಿ. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತು ಅಂತ ಹೇಳುತ್ತಾರೆ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಜಾಲರಿಯಾಗಿದ್ದರೆ ಆ ಹುಳ ಕೆಲಸ ಮಾಡುತ್ತಿದೆ ಅಂತ ಅರ್ಥ, ಕೊಲ್ಲಬೇಡಿ. ಇಲ್ಲಿಯವರು ಈ ಗಿಡಕ್ಕೆ ಗಾಜರ್ ಗವತ್ ಅನ್ನುತ್ತಾರೆ, ಎಲೆ ಗಜ್ಜರಿಯ ಹಾಗಿರುವುದಕ್ಕೆ.

ಕೀಳುವ ಹಿಂದಿನ ದಿನ ನೀರು ಬಿಡಿ, ಬೇರು ಸಮೇತ ಬರುತ್ತದೆ. ಕೈಗವಸು, ತುಂಬು ತೋಳಿನ ಅಂಗಿ ಬೇಕೇ ಬೇಕು. ಮೈಗೆ ತಾಗಿದರೆ ಕೆಲವರಿಗೆ ತುರಿಕೆ ವಾರಗಟ್ಟಲೆ ಬಿಡುವುದಿಲ್ಲ. ದಮ್ಮು ಇರುವವರನ್ನು ಈ ಕೆಲಸಕ್ಕೆ ಕರೆಯಲೇಬೇಡಿ. ಬಿಳಿ ಹೂ ಬರುವ ಮೊದಲೇ ಕಿತ್ತರೆ ಗೊಬ್ಬರಕ್ಕೆ ಹಾಕಬಹುದು. ಹೂ ಬಂದಿದ್ದರೆ ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಅದಕ್ಕಿಂತ ಹಟಮಾರಿ ಗರಿಕೆ ಮತ್ತು ಜೇಕು. ಗರಿಕೆ ಗಣಪತಿಗೆ ಸರಿ, ಮಡಿಯಲ್ಲಿ ಬೇಡ. ತುಂಡಾದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಸಲಿಕೆಯಿಂದ ಕೊಚ್ಚದೆ, ಮುಳ್ಳುಗುದ್ದಲಿಯಿಂದ ಸಡಿಲ ಮಾಡಿ ದಾರದ ಹಾಗೆ ಎಳೆದು ತೆಗೆಯಿರಿ. ಜೇಕಿನ ಕೆಳಗೆ ಕಡಲೆಕಾಳಿನಷ್ಟು ಕಪ್ಪು ಗಡ್ಡೆ ಇರುತ್ತದೆ. ಎಲೆ ಕಿತ್ತರೆ ಗಡ್ಡೆ ನಗುತ್ತದೆ. ಅಗೆದು ಆರಿಸುವುದು, ಮತ್ತೆ ಬಂದರೆ ಮತ್ತೆ ಆರಿಸುವುದು. ಇದಕ್ಕೆ ಅಡ್ಡದಾರಿ ನನಗೆ ಸಿಕ್ಕಿಲ್ಲ.

ಮಣ್ಣು: ಕೆಳಗೆ ಅಗೆಯಬೇಡಿ, ಮೇಲೆ ಕಟ್ಟಿ

ಬಿಲ್ಡರ್ ಬಿಟ್ಟುಹೋದ ಜಾಗದಲ್ಲಿ ಮಣ್ಣು ಅನ್ನುವುದು ಹೆಸರಿಗೆ. ಒಂದು ಅಡಿ ಅಗೆದಾಗ ನಮಗೆ ಸಿಕ್ಕಿದ್ದು ಮುರುಮು, ಅರ್ಧ ಟೈಲ್ಸ್, ಸಿಮೆಂಟ್ ಗಟ್ಟಿ, ಒಂದು ಪೇಂಟ್ ಡಬ್ಬ. ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಎರಡು-ಮೂರು ತಾಸಾದರೂ ನಿಂತೇ ಇದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ ಅಂತ ತಿಳಿಯಿರಿ.

ಅಂಥ ಕಡೆ ಇಟ್ಟಿಗೆ ಅಂಚು ಕಟ್ಟಿ ಒಂದು ಅಡಿ ಎತ್ತರದ ಮಡಿ ಮಾಡುವುದೇ ಲೇಸು. ಅಗಲ 4 ಅಡಿ ಮೀರಬಾರದು. ಮೀರಿದರೆ ಎರಡೂ ಕಡೆಯಿಂದ ಕೈ ನಡುವಿಗೆ ಎಟುಕುವುದಿಲ್ಲ, ಜನ ಮಡಿಯೊಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. 10 ಅಡಿ ಉದ್ದದ ಇಂಥ ಒಂದು ಮಡಿ ತುಂಬಲು ಸುಮಾರು 1100 ಲೀಟರ್ ಮಿಶ್ರಣ ಬೇಕು. ಟೆರೇಸಿನ ಮೇಲಿನ ದೊಡ್ಡ ನೀರಿನ ಟ್ಯಾಂಕಿಗಿಂತ ಸ್ವಲ್ಪ ಜಾಸ್ತಿಯೇ. 14 ಮಡಿ ಯಾಕೆ ಹುಚ್ಚುತನ ಅಂತ ಈಗ ಗೊತ್ತಾಯಿತಲ್ಲ?

ಖರ್ಚು ಉಳಿಸುವ ದಾರಿ ಇದೆ. ಕೆಳಗಿನ ಅರ್ಧ ಅಡಿಗೆ ಒಣ ಎಲೆ ಮತ್ತು ಕಬ್ಬಿನ ಸಿಪ್ಪೆ ತುಂಬಿ. ಪುಣೆಯಲ್ಲಿ ಗಾಣದ ಗೆಜ್ಜೆ ಸದ್ದು ಕೇಳಿಸುವ ಕಡೆಯಲ್ಲೆಲ್ಲ ರಸವಂತಿಗೃಹ, ಅಂದರೆ ಕಬ್ಬಿನ ಹಾಲಿನ ಅಂಗಡಿ, ಇರುತ್ತದೆ. ಕೇಳಿದರೆ ಸಿಪ್ಪೆ ಪುಕ್ಕಟೆ ಕೊಡುತ್ತಾರೆ, ಸಂಜೆ ಹೋಗಿ. ಆದರೆ ತಂದ ಕೂಡಲೇ ಹಾಕಬೇಡಿ. ನಾವು ಹಾಕಿದೆವು. ಸಕ್ಕರೆ ವಾಸನೆಗೆ ಇಡೀ ಸಿಂಹಗಡ ರಸ್ತೆಯ ಇರುವೆ ನಮ್ಮಲ್ಲಿಗೇ ಬಂತು. ತೊಳೆದು, ನಾಲ್ಕು ದಿನ ಬಿಸಿಲಿಗೆ ಹರಡಿ, ಆಮೇಲೆ ಸಗಣಿ ನೀರಿನಲ್ಲಿ ಅದ್ದಿ ಹಾಕಿ. ಬರೀ ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಸಗಣಿ ಇದ್ದರೆ ಆ ಕಾಟ ಕಡಿಮೆ.

ಮೇಲಿನ ಅರ್ಧ ಅಡಿಗೆ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನಮ್ಮ ಗದಗದ ಕಡೆಯ ಎರೆಮಣ್ಣಿನಂಥದ್ದೇ ಕರಿಮಣ್ಣು ಇಲ್ಲಿಯೂ ಸಿಗುತ್ತದೆ. ಬರೀ ಅದನ್ನೇ ತುಂಬಬೇಡಿ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು.

ಗೊಬ್ಬರ ಸೊಸೈಟಿಯಲ್ಲೇ ಇದೆ. ದೊಡ್ಡ ಸೊಸೈಟಿಗಳು ಹಸಿ ಕಸವನ್ನು ಆವರಣದಲ್ಲೇ ಸಂಸ್ಕರಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ನಮ್ಮಲ್ಲಿ ಆ ಗೊಬ್ಬರವನ್ನು ಯಾರೂ ಒಯ್ಯದೆ ಚೀಲಗಟ್ಟಲೆ ಬಿದ್ದಿತ್ತು. ಒಂದೇ ಪರೀಕ್ಷೆ: ಮುಷ್ಟಿಯಲ್ಲಿ ಹಿಡಿದು ಮೂಸಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಹಾಕಿ. ಹುಳಿ ವಾಸನೆ ಬಂದರೆ ಇನ್ನೂ ಒಂದು ತಿಂಗಳು ಬಿಡಿ.

ಏನು ಬಿತ್ತಬೇಕು, ಯಾವಾಗ

ಪುಣೆಗೆ ಮಳೆ ಜೂನ್ ಎರಡನೇ ವಾರದ ಹೊತ್ತಿಗೆ ಬರುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಮುಂಬೈಯಲ್ಲಿ ಅದು 2000 ದಾಟುತ್ತದೆ. ಹಾಗಾಗಿ ಡೊಂಬಿವಲಿಯವರು ಜುಲೈನಲ್ಲಿ ಸೊಪ್ಪು ಬಿತ್ತಬೇಡಿ, ಕೊಚ್ಚಿ ಹೋಗುತ್ತದೆ. ಬಳ್ಳಿ ಹಾಕಿ.

ಜೂನ್-ಜುಲೈ: ಬೆಂಡೆ, ಹೀರೆ, ಸೌತೆ, ಚವಳಿಕಾಯಿ, ಪುಂಡಿ. ಅಕ್ಟೋಬರ್‌ನಿಂದ ಜನವರಿ: ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಟೊಮೇಟೊ, ಬದನೆ. ಪುಣೆಯ ಚಳಿ ಸೊಪ್ಪಿಗೆ ಹೇಳಿ ಮಾಡಿಸಿದ್ದು. ಬೇಸಿಗೆಗೆ ಹರಿವೆ ಮತ್ತು ಬಸಳೆ ಸಾಕು.

ಬೀಜ ಕೊಳ್ಳುವಾಗ ಹೆಸರಿನ ಗೊಂದಲ ಇದೆ. ನಾನು ಮಂಡಈ ತರಕಾರಿ ಮಾರುಕಟ್ಟೆ ಹತ್ತಿರದ ಅಂಗಡಿಗೆ ಹೋಗಿ 'ಚವಳಿ' ಬೀಜ ಕೊಡಿ ಅಂದೆ. ಕೊಟ್ಟರು. ಮೊಳಕೆ ಬಂತು, ಬಳ್ಳಿ ಹಬ್ಬಿತು. ಕಾಯಿ ಬಿಟ್ಟಾಗ ನೋಡಿದರೆ ಅಲಸಂದೆ! ಮರಾಠಿಯಲ್ಲಿ ಚವಳಿ ಅಂದರೆ ಅಲಸಂದೆ. ನಮ್ಮ ಚವಳಿಕಾಯಿ, ಅಂದರೆ ದಕ್ಷಿಣದವರ ಗೋರಿಕಾಯಿ, ಇಲ್ಲಿ ಗವಾರ್. ಪುಂಡಿ ಇಲ್ಲಿ ಅಂಬಾಡಿ, ಸಬ್ಬಸಿಗೆ ಶೇಪು, ಹೀರೆ ದೋಡ್ಕಾ, ಬಸಳೆ ಮಯಾಳು, ಹರಿವೆ ಮಾಠ್. ಬರೆದಿಟ್ಟುಕೊಳ್ಳಿ.

ಮೊದಲ ಸುತ್ತಿಗೆ ಮೆಂತ್ಯವನ್ನೇ ಬಿತ್ತಿ. ಅಡುಗೆಮನೆ ಡಬ್ಬಿಯ ಕಾಳೇ ಆಗುತ್ತದೆ. ಒಂದು ರಾತ್ರಿ ನೆನೆಸಿ ಹಾಕಿದರೆ ಮೂರು-ನಾಲ್ಕು ದಿನಕ್ಕೆ ಮೊಳಕೆ, ನಾಲ್ಕು ವಾರಕ್ಕೆ ಪಲ್ಲೆ. ಜನ ಕಳಚಿಕೊಳ್ಳುವುದು ಐದು-ಆರನೇ ವಾರದ ಸುಮಾರಿಗೆ. ಅದಕ್ಕೆ ಮೊದಲು ಒಂದು ಕಟ್ಟಾದರೂ ಮನೆಗೆ ಹೋಗಬೇಕು. ಮೊದಲ ಸಲ ನಾವು ಬರೀ ಟೊಮೇಟೊ, ಬದನೆ ಹಾಕಿ ಮೂರು ತಿಂಗಳು ಖಾಲಿ ಕೈಯಲ್ಲಿ ಕಾದೆವು. ಕಾಯಿ ಬರುವ ಹೊತ್ತಿಗೆ ಕೀಳುವವರೇ ಇರಲಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ಹತ್ತು ದಿನ ಏನೂ ಕಾಣದಿದ್ದರೂ ಕೆದಕಬೇಡಿ.

ದಿನದ ಕೆಲಸ

ಬೇಸಿಗೆಯಲ್ಲಿ ಒಂದು ಮಡಿಗೆ ದಿನಕ್ಕೆ ಸುಮಾರು 20 ಲೀಟರ್ ನೀರು, ಅಂದರೆ ಒಂದೂವರೆ ಬಕೆಟ್ ಹತ್ತಿರ. ಮೇಲೆ ಎರಡು ಇಂಚು ಒಣ ಎಲೆ ಹಾಸಿದರೆ ಇನ್ನೂ ಕಡಿಮೆ ಸಾಕು. ಮಣ್ಣಿಗೆ ಬೆರಳು ಇಳಿಸಿ ನೋಡಿ. ಎರಡು ಇಂಚು ಕೆಳಗೆ ತಣ್ಣಗಿದ್ದರೆ ಅವತ್ತು ಬೇಡ. ಸೊಸೈಟಿಯ ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ನೀರನ್ನು ಹೂಗಿಡಕ್ಕೆ ಬಿಡಿ, ಹಸಿ ತಿನ್ನುವ ಸೊಪ್ಪಿಗೆ ಬೇಡ.

ನೀರು ಹಾಕುವಾಗ ಕಣ್ಣೂ ಕೆಲಸ ಮಾಡಬೇಕು. ಬದನೆಯ ತುದಿ ಚಿಗುರು ಒಂದೇ ಕಡೆ ಬಾಡಿ ಜೋತುಬಿದ್ದಿದ್ದರೆ ನೀರಿನ ಕೊರತೆ ಅಲ್ಲ, ಒಳಗೆ ಕೊರೆಯುವ ಹುಳ ಇದೆ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ಸೀಳಿ ನೋಡಿ, ಗುಲಾಬಿ ಬಣ್ಣದ ಹುಳ ಒಳಗೇ ಸಿಗುತ್ತದೆ. ಸಾಯಿಸಿ. ಬೆಂಡೆಯ ಎಲೆಯಲ್ಲಿ ನರ ಹಳದಿಯಾಗಿದ್ದರೆ ಅದು ಬಿಳಿನೊಣ ತಂದ ರೋಗ, ಮದ್ದಿಲ್ಲ. ಗಿಡವನ್ನೇ ಕಿತ್ತುಬಿಡಿ, ಕನಿಕರ ಬೇಡ. ಹೇನು, ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು, ಸಂಜೆ ಎಲೆಯ ಕೆಳಗೆ ಹೊಡೆಯಿರಿ. ಪಾರಿವಾಳಕ್ಕೆ ಮಾತ್ರ ಬಲೆಯೇ ಗತಿ.

ಇನ್ನು ಕೊಯ್ಲು. ಬೆಂಡೆ ರವಿವಾರಕ್ಕಾಗಿ ಕಾಯುವುದಿಲ್ಲ. ದಿನ ಬಿಟ್ಟು ದಿನ ಕೀಳಬೇಕು. ತುದಿ ಮುರಿದಾಗ ಟಕ್ ಅಂದರೆ ಸರಿ. ಬಾಗಿದರೆ ನೀವು ತಡಮಾಡಿದಿರಿ. ಬಲಿತ ಕಾಯಿ ಗಿಡದ ಮೇಲೆ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ.

ದಾರಿ ಪಕ್ಕ ಒಂದು ಚಿಕ್ಕ ಮಡಿಯನ್ನು ಎಲ್ಲರಿಗೂ ಬಿಟ್ಟುಬಿಡಿ. ಹರಿವೆ, ಪುದೀನಾ, ಒಂದು ಕರಿಬೇವು. ಯಾರು ಬೇಕಾದರೂ ಕಿತ್ತುಕೊಳ್ಳಲಿ. ಹಿಂದೆ ನಾಲ್ಕು ಬದನೆಕಾಯಿ ಕಳುವಾಗಿ ಎರಡು ವಿಂಗ್ ನಡುವೆ ಗಣಪತಿ ಹಬ್ಬದವರೆಗೆ ಮಾತು ನಿಂತಿತ್ತು. ಈ ಮಡಿ ಬಂದ ಮೇಲೆ ಅಂಥದ್ದು ನಡೆದಿಲ್ಲ.

ಮೇ ತಿಂಗಳು ಮತ್ತು ಮೂರು ವಾರದ ನಿಯಮ

ಎಷ್ಟೋ ಸೊಸೈಟಿ ತೋಟಗಳು ಸಾಯುವುದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಸ್ವಾರ್‌ಗೇಟ್‌ನಿಂದ ರಾತ್ರಿ ಬಸ್ಸು, ಎಲ್ಲರೂ ಊರಿಗೆ. ಇಲ್ಲಿ ನೀರಿನ ಟ್ಯಾಂಕರ್ ಜಗಳ. ಇದರ ಜೊತೆ ಗುದ್ದಾಡಬೇಡಿ, ಮಡಿಗೂ ರಜೆ ಕೊಡಿ. ಒಂದೇ ಮಡಿ ಜೀವಂತ ಇಟ್ಟುಕೊಳ್ಳಿ. ಉಳಿದವನ್ನು ಏಪ್ರಿಲ್ ಕೊನೆಗೆ ಖಾಲಿ ಮಾಡಿ, ಚೆನ್ನಾಗಿ ನೀರು ಬಿಟ್ಟು, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಮಣ್ಣು ಒತ್ತಿ ಮುಚ್ಚಿ. ನಾಲ್ಕರಿಂದ ಆರು ವಾರದ ಬಿಸಿಲಿಗೆ ಒಳಗಿನ ಕಳೆ ಬೀಜ, ರೋಗದ ಬೂಷ್ಟು ಬಹುಪಾಲು ಬೇಯುತ್ತವೆ. ನೀವು ಊರಿನಲ್ಲಿ ಮಾವಿನಹಣ್ಣು ತಿನ್ನುವಾಗ ಕೆಲಸ ತಾನೇ ನಡೆಯುತ್ತಿರುತ್ತದೆ. ಜೇಕಿಗೆ ಮಾತ್ರ ಇದೂ ಸಾಲದು.

ಕೊನೆಯ ನಿಯಮ ಕಹಿ. ಹೇಳದೆ ಕೇಳದೆ ಮೂರು ವಾರ ಬರದಿದ್ದರೆ ಮಡಿ ಬೇರೆಯವರಿಗೆ. ಬೀಜ ಹಾಕುವ ಮೊದಲೇ ಇದನ್ನು ಬರೆದು ಎಲ್ಲರ ಸಹಿ ಹಾಕಿಸಿ, ಆಮೇಲೆ ಹೇಳಿದರೆ ಜಗಳ. ಹೇಳಿ ಹೋದವರಿಗೆ ಈ ನಿಯಮ ಇಲ್ಲ. ಒಂದು ಮೆಸೇಜ್ ಸಾಕು, ಪಾಳಿ ಬದಲಾಗುತ್ತದೆ.

ಈ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವನು ನಾನೇ. ನನ್ನ ಜೋಡಿ ಮನೆಯವರು ಬಾಡಿಗೆ ಮನೆ ಬಿಟ್ಟು ಹೋಗಿದ್ದರು. ಅಪ್ಪನಿಗೆ ಹುಷಾರಿಲ್ಲ ಅಂತ ನಾನು ಗದಗಕ್ಕೆ ಹೋದೆ. ಗಡಿಬಿಡಿಯಲ್ಲಿ ಯಾರಿಗೂ ತಿಳಿಸಲಿಲ್ಲ. 25 ದಿನ ಬಿಟ್ಟು ಬಂದಾಗ ನನ್ನ ಮಡಿ ಎರಡನೇ ಮಹಡಿಯ ಗಂಡ-ಹೆಂಡತಿಯ ಕೈಯಲ್ಲಿತ್ತು. ನಿಯಮ ಬರೆದವನು ನಾನು, ಏನಂತ ಬಾಯಿ ಬಿಡಲಿ? ಎರಡು ದಿನ ಆ ಕಡೆ ಹೋಗಲೇ ಇಲ್ಲ. ಮೂರನೇ ದಿನ ಹೋಗಿ ನೋಡಿದರೆ ನನ್ನ ಬದನೆ ಗಿಡ ಬದುಕಿತ್ತು, ಬುಡಕ್ಕೆ ಹೊಸ ಗೊಬ್ಬರ ಬಿದ್ದಿತ್ತು. ಅವತ್ತಿನಿಂದ ನಾನು ದಾರಿ ಪಕ್ಕದ ಮಡಿ ನೋಡಿಕೊಳ್ಳುತ್ತೇನೆ, ಗುರುವಾರ ಮತ್ತು ಶನಿವಾರ.

ಹೋದ ಎಳ್ಳಮಾವಾಸ್ಯೆಗೆ ತೋಟದಲ್ಲೇ ಚಾಪೆ ಹಾಸಿ ಊಟ ಮಾಡಿದೆವು. ಅದೇ ಬದನೆಯ ಎಣ್ಣೆಗಾಯಿ, ಮೆಂತ್ಯ ಪಲ್ಲೆ, ಸಜ್ಜೆ ರೊಟ್ಟಿ. ನಮ್ಮಲ್ಲಿರುವ ಲಾತೂರು ಕಡೆಯವರಿಗೂ ಈ ಹಬ್ಬ ಗೊತ್ತು. ವೇಳ್ ಅಮಾವಾಸ್ಯೆ ಅಂತ ಅವರೂ ಹೊಲಕ್ಕೆ ಹೋಗುತ್ತಾರೆ, ಅವರ ಮನೆಯಿಂದ ಅಂಬಲಿ ಬಂತು. ಭೂಮಿತಾಯಿಗೆ ಅಂತ ನಾಲ್ಕು ಮಡಿಗೂ ಅಡುಗೆಯ ಚರಗ ಚೆಲ್ಲಿದೆವು. ಉಂಡು ಅಲ್ಲೇ ಮಾತಾಡುತ್ತಾ ಕೂತಿದ್ದಾಗ ಅವತ್ತಿನ ಪಾಳಿಯವರು ಪೈಪ್ ಎಳೆದುಕೊಂಡು ಬಂದು, ಚಾಪೆ ಸ್ವಲ್ಪ ಸರಿಸಿ ಅಂದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿರಲಿಲ್ಲವಂತೆ.